ಬೇಸಗೆಯ ಬಾಸೆಲ್

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಇದರ ಉತ್ತರಾರ್ಧವನ್ನು ಮರೆತವರು ಹಲವರುಂಟು. ಪೂರ್ವಾರ್ಧವನ್ನು ಮಾತ್ರ ಈಗ ಯಾರೂ ಮರೆತಂತೆ ಕಾಣುವುದಿಲ್ಲ. ಯೂರೋಪಿನ ಪ್ರವಾಸಕ್ಕೆ ಹೊರಡುವ ಕನ್ನಡ ಕುಟುಂಬಗಳು ಇಂದು ವಿರಳವಲ್ಲ. ಆದರೆ ಆ ಪ್ರವಾಸದ ಬಗೆ ಹೇಗೆ? ಹತ್ತು ದಿನ, ಏಳು ದೇಶ. ಬೆಳಗ್ಗೆ ಒಂದು ಗೋಪುರ, ಮಧ್ಯಾಹ್ನ ಒಂದು ಅರಮನೆ, ಸಂಜೆಗೆ ಬಸ್ಸಿನಲ್ಲಿ ತೂಕಡಿಕೆ. ಮನೆಗೆ ಮರಳಿ ಚಿತ್ರಗಳನ್ನು ತಿರುವಿ ಹಾಕುವಾಗ ಗಂಡ ಇದು ಮಿಲಾನ್ ಎನ್ನುತ್ತಾನೆ, ಹೆಂಡತಿ ಇದು ಮ್ಯೂನಿಕ್ ಎನ್ನುತ್ತಾಳೆ. ಇದು ನೋಡಿದ್ದೂ ಅಲ್ಲ, ನೋಡದೆ ಇದ್ದದ್ದೂ ಅಲ್ಲ.

ಇದಕ್ಕೆ ಬದಲಾಗಿ ಒಂದೇ ಊರಿನಲ್ಲಿ ಮೂರು ದಿನ ನಿಂತು, ಆ ಊರವರು ಬೇಸಗೆಯನ್ನು ಹೇಗೆ ಕಳೆಯುತ್ತಾರೋ ಹಾಗೆಯೇ ನಾವೂ ಕಳೆದರೆ ಏನು ದೊರೆತೀತು? ಈ ಪ್ರಶ್ನೆಗೆ ಉತ್ತರವಾಗಿ ಇಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವಿಚಾರವನ್ನು ನಿಮ್ಮ ಮುಂದಿಡುತ್ತೇನೆ. ಸ್ವಿಟ್ಜರ್ಲೆಂಡ್ ಎಂದೊಡನೆ ಹಿಮದ ಶಿಖರಗಳು ಕಣ್ಣ ಮುಂದೆ ಬರುತ್ತವೆ. ಬಾಸೆಲಿನಲ್ಲಿ ಅಂಥ ಶಿಖರಗಳಿಲ್ಲ. ಅಲ್ಲಿರುವುದು ಒಂದು ನದಿ ಮತ್ತು ಆ ನದಿಯ ಎರಡು ದಡಗಳಲ್ಲಿ ಸುಮಾರು ಒಂದೂ ಮುಕ್ಕಾಲು ಲಕ್ಷ ಜನರ ಒಂದು ಹಳೆಯ ಊರು. ಆದರೂ ಕನ್ನಡಿಗರ ಕಿವಿಗೆ ಆ ಹೆಸರು ಹೊಸದಲ್ಲ. ಬಾಸೆಲ್ ಮಿಶನ್ ಎಂಬ ಮಾತನ್ನು ಕೇಳದವರು ಮಂಗಳೂರು ಧಾರವಾಡಗಳ ಕಡೆ ಯಾರಿದ್ದಾರೆ? ಆ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಋತುವಿನ ಮಾತು. ನಮ್ಮ ಬೇಸಗೆ ಏಪ್ರಿಲ್, ಮೇ; ಅವರ ಬೇಸಗೆ ಜೂನಿನಿಂದ ಆಗಸ್ಟಿನವರೆಗೆ. ನಮ್ಮ ಶಾಲೆಗಳ ರಜೆಯಲ್ಲೇ ಹೊರಟವರಿಗೆ ಅಲ್ಲಿ ದೊರೆಯುವುದು ವಸಂತ. ಮರಗಳೆಲ್ಲ ಚಿಗುರಿರುತ್ತವೆ, ನದಿಯ ನೀರು ಮಾತ್ರ ಇನ್ನೂ ಕೊರೆಯುತ್ತಿರುತ್ತದೆ. ಜೂನ್ ತಿಂಗಳಲ್ಲಿ ಹೋದರೆ ರಾತ್ರಿ ಒಂಬತ್ತು ಗಂಟೆಯಾದರೂ ಸೂರ್ಯ ಮುಳುಗಿರುವುದಿಲ್ಲ. ಕಚೇರಿಯ ಕೆಲಸ ಮುಗಿದ ಮೇಲೂ ನಾಲ್ಕು ತಾಸು ಹಗಲು ಉಳಿದಿರುತ್ತದೆ. ಬಾಸೆಲಿನ ಬೇಸಗೆಯ ಗುಟ್ಟೆಲ್ಲ ಈ ನಾಲ್ಕು ತಾಸುಗಳಲ್ಲಿ ಇದೆ.

ಇನ್ನು ಊರಿನ ನೆಲೆ. ಪೂರ್ವದಿಂದ ಹರಿದು ಬಂದ ರೈನ್ ನದಿ ಇಲ್ಲಿ ಮೊಣಕಾಲು ಮಡಿಸಿದಂತೆ ಬಳುಕಿ ಉತ್ತರಕ್ಕೆ ತಿರುಗುತ್ತದೆ. ಆ ತಿರುವಿನಲ್ಲೇ ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಮೂರೂ ಸಂಧಿಸುತ್ತವೆ. ಊರಿನ ವಿಮಾನ ನಿಲ್ದಾಣ ಇರುವುದು ಫ್ರಾನ್ಸಿನ ನೆಲದ ಮೇಲೆ. ಸ್ವಿಸ್ ನೆಲದ ಮೇಲೆಯೇ ಜರ್ಮನ್ ರೈಲ್ವೆಯದೊಂದು ನಿಲ್ದಾಣವಿದೆ. ಹಸಿರು ಬಣ್ಣದ ಟ್ರಾಮುಗಳಲ್ಲಿ ಒಂದನ್ನು ಹತ್ತಿದರೆ ಜರ್ಮನಿ, ಇನ್ನೊಂದನ್ನು ಹತ್ತಿದರೆ ಫ್ರಾನ್ಸು. ನಮ್ಮಲ್ಲಿ ಒಂದು ತಾಲ್ಲೂಕು ದಾಟುವಷ್ಟರಲ್ಲಿ ಅಲ್ಲಿ ಮೂರು ದೇಶಗಳನ್ನು ತುಳಿಯಬಹುದು. ಆದರೆ ಪಾಸ್‌ಪೋರ್ಟು ಜೇಬಿನಲ್ಲಿರಲಿ.

ನದಿಯ ಎಡದಂಡೆಯ ದಿಣ್ಣೆಯ ಮೇಲಿರುವುದು ದೊಡ್ಡ ಬಾಸೆಲ್. ಬಲದಂಡೆಯ ಬಯಲಿನಲ್ಲಿರುವುದು ಚಿಕ್ಕ ಬಾಸೆಲ್. ಎರಡು ದಡಗಳಿಗೂ ಹಿಂದಿನಿಂದ ಪ್ರೀತಿಯ ಜಗಳ. ದೊಡ್ಡ ಬಾಸೆಲಿನವರು ಸೇತುವೆಯ ಬಾಗಿಲಿನ ಗೋಪುರದಲ್ಲಿ ಕಿರೀಟ ತೊಟ್ಟ ರಾಜನ ತಲೆಯೊಂದನ್ನು ಇರಿಸಿದ್ದರು. ಅದು ಎದುರು ದಡದವರನ್ನು ನೋಡಿ ನಾಲಗೆ ಚಾಚುತ್ತಿತ್ತು. ಗೋಪುರವನ್ನು 1839ರಲ್ಲಿ ಕೆಡವಿದರು. ಮೂಲ ತಲೆ ಈಗ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪ್ರತಿಕೃತಿ ಮಾತ್ರ ಸೇತುವೆಯ ಬಳಿ ಇನ್ನೂ ಉಳಿದಿದೆ. ಗಂಭೀರರೆಂದು ಹೆಸರಾದ ಸ್ವಿಸ್ ಜನರಲ್ಲಿ ಇಷ್ಟು ಹಾಸ್ಯವುಂಟು ಎಂದು ತಿಳಿದರೆ ಊರಿನ ಮೇಲೆ ಸಲಿಗೆ ಹುಟ್ಟುತ್ತದೆ.

ಮೊದಲ ದಿನದ ಬೆಳಗ್ಗೆ ದೊಡ್ಡ ಬಾಸೆಲಿನ ದಿಣ್ಣೆಯನ್ನು ಏರಬೇಕು. ಅಲ್ಲಿ ಕೆಂಪು ಮರಳುಗಲ್ಲಿನ ಮಹಾದೇವಾಲಯ, ಮ್ಯೂನ್‌ಸ್ಟರ್, ನಿಂತಿದೆ. 1019ರಲ್ಲಿ ಚಕ್ರವರ್ತಿ ಎರಡನೆಯ ಹೆನ್ರಿಯ ಕಾಲದಲ್ಲಿ ಪ್ರತಿಷ್ಠೆಯಾದ ಈ ಸ್ಥಳದಲ್ಲಿ ಹಲವು ಶತಮಾನಗಳ ಕೆಲಸ ಒಂದರ ಮೇಲೊಂದು ಕೂತಿದೆ. 1356ರ ಅಕ್ಟೋಬರ್ 18ರಂದು ಭಾರಿ ಭೂಕಂಪವೊಂದು ಊರನ್ನು ಕೆಡವಿತು. ಜನ ಮತ್ತೆ ಕಟ್ಟಿದರು. ಈಗ ಕಾಣುವ ಎರಡು ಗೋಪುರಗಳ ಕೆಲಸ ಮುಗಿದದ್ದು 1500ರಲ್ಲಿ. ಒಳಗೆ ಕೆಂಪು ಕಲ್ಲಿನ ಒಂದು ಫಲಕವಿದೆ. ಅದು ಮಹಾವಿದ್ವಾಂಸ ಎರಾಸ್ಮಸನ ಸಮಾಧಿಯ ಫಲಕ. ಆತ ತೀರಿಕೊಂಡದ್ದು 1536ರಲ್ಲಿ. ಅಷ್ಟು ಹೊತ್ತಿಗೆ ಊರೆಲ್ಲ ಪ್ರೊಟೆಸ್ಟೆಂಟ್ ಪಂಥಕ್ಕೆ ಸೇರಿತ್ತು; ಎರಾಸ್ಮಸ್ ಕಡೆಯವರೆಗೂ ಕ್ಯಾಥೊಲಿಕ್ಕನಾಗಿಯೇ ಉಳಿದಿದ್ದ. ಆದರೂ ಊರವರು ಆತನನ್ನು ತಮ್ಮ ಮುಖ್ಯ ದೇವಾಲಯದಲ್ಲೇ ಮಣ್ಣುಮಾಡಿದರು. ಮತಕ್ಕಾಗಿ ಯೂರೋಪು ರಕ್ತ ಹರಿಸುತ್ತಿದ್ದ ಕಾಲದಲ್ಲಿ ಪಾಂಡಿತ್ಯಕ್ಕೆ ಸಂದ ಈ ಮರ್ಯಾದೆ ಸಣ್ಣದಲ್ಲ.

ದೇವಾಲಯದ ಹಿಂದೆ ನದಿಯ ಮೇಲಕ್ಕೆ ಚಾಚಿದ ಒಂದು ಜಗಲಿಯಿದೆ. ಮರಗಳ ನೆರಳಿನಲ್ಲಿ ನಿಂತು ನೋಡಿದರೆ ಕೆಳಗೆ ರೈನ್, ಎದುರಿಗೆ ಚಿಕ್ಕ ಬಾಸೆಲಿನ ಮನೆಗಳ ಸಾಲು, ಅದರಾಚೆ ದೂರದಲ್ಲಿ ಜರ್ಮನಿಯ ಕಪ್ಪು ಕಾಡಿನ ಬೆಟ್ಟಗಳು. ಅಲ್ಲಿಂದ ಮೆಟ್ಟಿಲಿಳಿದರೆ ದೋಣಿಯ ಕಟ್ಟೆ. ಈ ದೋಣಿಗೆ ಯಂತ್ರವಿಲ್ಲ, ಹುಟ್ಟಿಲ್ಲ, ಹಾಯಿಯಿಲ್ಲ. ನದಿಗೆ ಅಡ್ಡಲಾಗಿ ಮೇಲೆ ಉಕ್ಕಿನ ಹಗ್ಗವೊಂದನ್ನು ಬಿಗಿದಿದ್ದಾರೆ. ಅದರ ಮೇಲೆ ಉರುಳುವ ಗಾಲಿಗೆ ದೋಣಿಯನ್ನು ಇನ್ನೊಂದು ಹಗ್ಗದಿಂದ ಕಟ್ಟಿದ್ದಾರೆ. ಅಂಬಿಗ ಚುಕ್ಕಾಣಿಯನ್ನು ತಿರುಗಿಸಿ ದೋಣಿಯನ್ನು ಪ್ರವಾಹಕ್ಕೆ ಓರೆಯಾಗಿ ನಿಲ್ಲಿಸುತ್ತಾನೆ. ಹರಿದು ಬರುವ ನೀರು ತಳ್ಳುತ್ತದೆ. ಹಗ್ಗ ಕೊಚ್ಚಿಹೋಗಲು ಬಿಡುವುದಿಲ್ಲ. ಉಳಿದ ದಾರಿ ಒಂದೇ, ಆಚೆಯ ದಡ. ನದಿಯ ಬಲವೇ ನದಿಯನ್ನು ದಾಟಿಸುವ ಈ ಉಪಾಯ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬಳಕೆಯಲ್ಲಿದೆ. ಇಂದಿಗೂ ಇಂಥ ನಾಲ್ಕು ದೋಣಿಗಳು ನಾಲ್ಕು ಕಡೆ ಓಡಾಡುತ್ತವೆ. ವಿಜ್ಞಾನದ ಮೇಷ್ಟರು ಕರಿಹಲಗೆಯ ಮೇಲೆ ಒಂದು ಗಂಟೆ ಬಲಗಳ ವಿಭಜನೆಯನ್ನು ಬಿಡಿಸಿ ತೋರಿಸುವುದಕ್ಕಿಂತ ಕೆಲವು ನಿಮಿಷಗಳ ಈ ಪಯಣ ಮಕ್ಕಳಿಗೆ ಹೆಚ್ಚು ಕಲಿಸೀತು.

ಬಿಸಿಲೇರಿದಾಗ ಹಳೆಯ ಪೇಟೆಯ ಓಣಿಗಳಲ್ಲಿ ಅಡ್ಡಾಡಬಹುದು. ಕೆಂಪು ಬಣ್ಣದ ಪುರಭವನ, ಅದರ ಮುಂದೆ ತರಕಾರಿ ಹೂವುಗಳ ಸಂತೆ. ಇಲ್ಲಿನ ಗಡಿಯಾರಗಳ ಕಥೆ ಸ್ವಾರಸ್ಯವಾಗಿದೆ. 1798ರವರೆಗೆ ಬಾಸೆಲಿನ ಗಡಿಯಾರಗಳು ಸುತ್ತಲ ಊರುಗಳ ಗಡಿಯಾರಗಳಿಗಿಂತ ಒಂದು ಗಂಟೆ ಮುಂದೆ ನಡೆಯುತ್ತಿದ್ದವು. ಶತ್ರುಗಳು ನಡುರಾತ್ರಿ ಹನ್ನೆರಡು ಹೊಡೆದಾಗ ಮುತ್ತಿಗೆ ಹಾಕಲು ಸಂಚು ಮಾಡಿದ್ದರಂತೆ. ಸುಳಿವು ತಿಳಿದ ಕಾವಲುಗಾರ ಗಂಟೆಯನ್ನು ಮುಂದಕ್ಕೆ ಸರಿಸಿ ಹನ್ನೆರಡರ ಬದಲು ಒಂದು ಹೊಡೆಸಿದನಂತೆ. ಶತ್ರುಗಳು ಹೊತ್ತು ಮೀರಿತೆಂದು ಹಿಂದಿರುಗಿದರಂತೆ. ಇದು ಐತಿಹ್ಯ, ಇತಿಹಾಸವೆಂದು ನಂಬಬೇಕಾಗಿಲ್ಲ. ಆದರೆ ಗಡಿಯಾರ ಮುಂದಿದ್ದದ್ದು ನಿಜ.

ಬಾಯಾರಿದರೆ ಸೀಸೆಯ ನೀರನ್ನು ಕೊಳ್ಳುವ ಅಗತ್ಯವಿಲ್ಲ. ಓಣಿಗೊಂದರಂತೆ ನೀರಿನ ಕಾರಂಜಿಗಳಿವೆ. ಕೋಳಿಯ ತಲೆ, ಹಾವಿನ ಬಾಲ ಇರುವ ಬಾಸಿಲಿಸ್ಕ್ ಎಂಬ ಕಾಲ್ಪನಿಕ ಪ್ರಾಣಿ ಈ ಊರಿನ ಲಾಂಛನವನ್ನು ಹಿಡಿದು ನಿಲ್ಲುವ ಕಾವಲುಗಾರ. ಸಣ್ಣ ಹಸಿರು ಕಾರಂಜಿಗಳಲ್ಲಿ ಅದರ ಬಾಯಿಂದಲೇ ನೀರು ಸುರಿಯುತ್ತದೆ. ಅದು ಕುಡಿಯುವ ನೀರು, ಹಣ ಕೊಡಬೇಕಾಗಿಲ್ಲ. ದೊಡ್ಡ ಕಲ್ಲಿನ ತೊಟ್ಟಿಗಳಲ್ಲಿ ಸೆಕೆಯ ದಿನ ಮಕ್ಕಳೂ ದೊಡ್ಡವರೂ ಇಳಿದು ಕೂತಿರುವುದನ್ನು ಕಾಣಬಹುದು. ನಮ್ಮ ಹಳೆಯ ದಾರಿಗಳ ಅರವಟ್ಟಿಗೆಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಎರಡನೆಯ ದಿನವನ್ನು ಕಾಗದಕ್ಕೂ ಬಣ್ಣಕ್ಕೂ ಮೀಸಲಿಡಬಹುದು. 1431ರಿಂದ 1448ರವರೆಗೆ ಇಲ್ಲಿ ಕ್ರೈಸ್ತ ಧರ್ಮಾಧಿಕಾರಿಗಳ ಮಹಾಸಭೆಯೊಂದು ನೆರೆದಿತ್ತು. ಅಷ್ಟು ಮಂದಿ ಓದು ಬರಹ ಬಲ್ಲವರು ಸೇರಿದರೆ ಕಾಗದ ಬೇಡವೇ? ಸೇಂಟ್ ಆಲ್ಬನ್ ಎಂಬ ಕೇರಿಯ ಕಾಲುವೆಯ ಮೇಲಿದ್ದ ಗಿರಣಿಗಳಲ್ಲಿ ಕಾಗದ ತಯಾರಾಗತೊಡಗಿತು. 1460ರಲ್ಲಿ ವಿಶ್ವವಿದ್ಯಾಲಯ ಹುಟ್ಟಿತು. ಅದರ ಬೆನ್ನಿಗೆ ಮುದ್ರಣಕಾರರು ಬಂದರು. ಎರಾಸ್ಮಸ್ ಸಿದ್ಧಪಡಿಸಿದ ಗ್ರೀಕ್ ಹೊಸ ಒಡಂಬಡಿಕೆ 1516ರಲ್ಲಿ ಫ್ರೋಬೆನ್ ಎಂಬ ಮುದ್ರಕನ ಮನೆಯಿಂದ ಇಲ್ಲಿಯೇ ಹೊರಟಿತು. ಮನುಷ್ಯ ಶರೀರದ ರಚನೆಯನ್ನು ಕುರಿತು ವೆಸೇಲಿಯಸ್ ಬರೆದ ಮಹಾಗ್ರಂಥ 1543ರಲ್ಲಿ ಇಲ್ಲಿಯೇ ಅಚ್ಚಾಯಿತು. ಆ ಹಳೆಯ ಗಿರಣಿಯೊಂದು ಈಗ ಕಾಗದದ ವಸ್ತುಸಂಗ್ರಹಾಲಯ. ನೀರಿನ ಚಕ್ರ ಇನ್ನೂ ತಿರುಗುತ್ತದೆ. ನೋಡಲು ಹೋದವರು ಜರಡಿಯನ್ನು ತೊಟ್ಟಿಯ ತಿಳಿಗಂಜಿಯಂಥ ದ್ರವದಲ್ಲಿ ಅದ್ದಿ, ನೀರು ಸೋಸಿ, ತಮ್ಮ ಕೈಯಾರೆ ಒಂದು ಹಾಳೆಯನ್ನು ಮಾಡಬಹುದು. ಬರೆಯುವವರೂ ಓದುವವರೂ ಜೀವಮಾನದಲ್ಲಿ ಒಮ್ಮೆ ಮಾಡಬೇಕಾದ ಕೆಲಸವಿದು. ಹಾಳೆಯ ಬೆಲೆ ಆಗ ತಿಳಿಯುತ್ತದೆ.

ಅಲ್ಲಿಂದ ನಡೆದು ಹೋಗುವಷ್ಟು ಸಮೀಪದಲ್ಲಿ ಕಲಾಸಂಗ್ರಹಾಲಯವಿದೆ. ಆಮರ್‌ಬಾಖ್ ಎಂಬ ಮನೆತನದ ಸಂಗ್ರಹ ಪರದೇಶದ ಪಾಲಾಗುವ ಸಂದರ್ಭ ಬಂದಾಗ 1661ರಲ್ಲಿ ಊರೂ ವಿಶ್ವವಿದ್ಯಾಲಯವೂ ಕೂಡಿ ಅದನ್ನು ಕೊಂಡವು. ಹತ್ತು ವರ್ಷಗಳಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಚಿತ್ರಗಳು ಅರಸರ ಅರಮನೆಗಳ ಸೊತ್ತಾಗಿದ್ದ ಕಾಲದಲ್ಲಿ ಒಂದು ಊರು ಅವನ್ನು ತನ್ನದಾಗಿ ಮಾಡಿಕೊಂಡಿತು. ಹೋಲ್‌ಬೈನನ ಚಿತ್ರಗಳು ಇಲ್ಲಿದ್ದಷ್ಟು ಬೇರೆಲ್ಲೂ ಇಲ್ಲ. ಸಮಾಧಿಯೊಳಗೆ ಮಲಗಿದ ಕ್ರಿಸ್ತನ ಶವವನ್ನು ಆತ ಬರೆದಿರುವ ಚಿತ್ರದ ಮುಂದೆ 1867ರಲ್ಲಿ ರಷ್ಯದ ಕಾದಂಬರಿಕಾರ ದಾಸ್ತಯೇವ್‌ಸ್ಕಿ ತತ್ತರಿಸಿ ನಿಂತನೆಂಬುದು ಪ್ರಸಿದ್ಧವಾದ ಸಂಗತಿ.

ಅದಕ್ಕೆ ಸರಿಯಾಗಿ ನೂರು ವರ್ಷಗಳ ಮೇಲೆ ನಡೆದ ಇನ್ನೊಂದು ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಪಿಕಾಸೋ ಬರೆದ ಎರಡು ಚಿತ್ರಗಳು ಖಾಸಗಿಯವರ ಸ್ವತ್ತಾಗಿದ್ದು ಈ ಸಂಗ್ರಹಾಲಯದಲ್ಲಿ ತೂಗುಹಾಕಿದ್ದವು. 1967ರಲ್ಲಿ ಒಡೆಯರ ಕುಟುಂಬಕ್ಕೆ ಹಣದ ಮುಗ್ಗಟ್ಟು ಬಂದು ಅವನ್ನು ಮಾರಬೇಕಾಯಿತು. ಬೆಲೆ 84 ಲಕ್ಷ ಫ್ರಾಂಕು. 60 ಲಕ್ಷವನ್ನು ಸರ್ಕಾರ ಕೊಡುವುದು, 24 ಲಕ್ಷವನ್ನು ಜನರೇ ಕೂಡಿಸುವುದು ಎಂದಾಯಿತು. ಊರವರು ‘ಭಿಕ್ಷುಕರ ಹಬ್ಬ’ವೆಂದು ಹೆಸರಿಟ್ಟು ಬೀದಿಗಿಳಿದರು, ಚಿತ್ರಕ್ಕಾಗಿ ಭಿಕ್ಷೆ ಎತ್ತಿದರು. ಆದರೆ ತೆರಿಗೆಯ ಹಣವನ್ನು ಬಣ್ಣ ಬಳಿದ ಬಟ್ಟೆಗೆ ಸುರಿಯಬಹುದೇ ಎಂದು ಕೇಳಿದವರೂ ಇದ್ದರು. ಅವರ ಪ್ರಶ್ನೆಯೂ ಅನ್ಯಾಯದ್ದಲ್ಲ. ಆದುದರಿಂದ ಆ ವರ್ಷದ ಡಿಸೆಂಬರಿನಲ್ಲಿ ಮತದಾನ ನಡೆಯಿತು. ಅದರ ಹಿಂದಿನ ವರ್ಷವಷ್ಟೇ ಇಲ್ಲಿನ ಹೆಂಗಸರಿಗೆ ಮತದ ಹಕ್ಕು ದೊರೆತಿತ್ತು. ಚಿತ್ರಗಳು ಊರಿನಲ್ಲೇ ಉಳಿಯಲಿ ಎಂದು ಬಹುಮತ ಬಂದಿತು. ಒಂದು ಊರಿನ ಜನ ಕಲೆಗಾಗಿ ಕೈಯೆತ್ತಿದ ಸುದ್ದಿ ಕೇಳಿದ ಪಿಕಾಸೋ ಸಂತೋಷಗೊಂಡು ತಾನಾಗಿಯೇ ಇನ್ನೂ ನಾಲ್ಕು ಕೃತಿಗಳನ್ನು ಬಾಸೆಲಿಗೆ ಕೊಟ್ಟನು. ಈ ಕಥೆಯನ್ನು ತಿಳಿದು ಆ ಚಿತ್ರಗಳ ಮುಂದೆ ನಿಂತವನಿಗೆ ಬಣ್ಣ ರೇಖೆಗಳ ಜೊತೆಗೆ ಒಂದು ಊರಿನ ಮನಸ್ಸೂ ಕಾಣಿಸುತ್ತದೆ.

ಸಂಜೆಯಾಯಿತು. ಇನ್ನು ನದಿಗೆ. ಕಚೇರಿ ಮುಗಿಸಿದ ಗುಮಾಸ್ತರು, ವಿದ್ಯಾರ್ಥಿಗಳು, ತಲೆ ನರೆತ ಅಜ್ಜಂದಿರು, ಅಜ್ಜಿಯರು ಚಿಕ್ಕ ಬಾಸೆಲಿನ ದಡದಲ್ಲಿ ಮೇಲ್ದಿಕ್ಕಿಗೆ ನಡೆಯುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಮೀನಿನ ಆಕಾರದ ಬಣ್ಣದ ಚೀಲ. ಉಟ್ಟ ಬಟ್ಟೆ, ಪಾದರಕ್ಷೆ, ಕೈಚೀಲ ಎಲ್ಲವನ್ನೂ ಅದರಲ್ಲಿ ತುಂಬಿ ಬಾಯಿಯನ್ನು ಏಳು ಸುತ್ತು ಸುರುಳಿ ಸುತ್ತಿ ಬಿಗಿದರೆ ನೀರು ಒಳಹೋಗದು; ಚೀಲ ತೇಲುತ್ತದೆ. ನದಿಗಿಳಿದು ಅದನ್ನು ಹಿಡಿದುಕೊಂಡರೆ ಪ್ರವಾಹವೇ ಊರಿನ ನಡುವೆ ಸಾಗಿಸುತ್ತದೆ. ಎಡಕ್ಕೆ ದಿಣ್ಣೆಯ ಮೇಲೆ ದೇವಾಲಯದ ಜೋಡಿ ಗೋಪುರ, ತಲೆಯ ಮೇಲೆ ಸೇತುವೆಗಳ ಕಮಾನು. ಬೇಕಾದ ಕಡೆ ದಡ ಹತ್ತಿ, ಬಟ್ಟೆ ಉಟ್ಟು, ಮನೆಗೆ ನಡೆಯುವುದು. ಆಗಸ್ಟ್ ತಿಂಗಳಲ್ಲಿ ಒಂದು ಸಂಜೆ ಸಾವಿರಾರು ಜನ ಒಟ್ಟಾಗಿ ಹೀಗೆ ತೇಲುವ ಉತ್ಸವವೂ ಉಂಟು. ಅದು 1980ರಲ್ಲಿ ಪ್ರಾರಂಭವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ರೈನ್ ಕೆರೆಯಲ್ಲ, ಅದರ ಸೆಳೆತ ಬಲವಾದದ್ದು. ಚೆನ್ನಾಗಿ ಈಜು ಬಲ್ಲವರು ಮಾತ್ರ ಇಳಿಯಬೇಕು, ಒಬ್ಬಂಟಿಯಾಗಿ ಇಳಿಯಬಾರದು. ಈಜಿಗೆ ಗುರುತುಮಾಡಿರುವುದು ಚಿಕ್ಕ ಬಾಸೆಲಿನ ದಡದ ಕಡೆಯ ನೀರು; ನಡುವಣದ್ದು ಹಡಗುಗಳ ದಾರಿ. ಸೇತುವೆಯ ಕಂಬಗಳಿಂದ ದೂರವಿರಬೇಕು. ಮಳೆ ಬಂದು ನದಿ ಉಬ್ಬಿದಾಗ ಊರವರೇ ಇಳಿಯುವುದಿಲ್ಲ. ಈಜು ಬಾರದವರು ದಡದ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೂ ಸಂಜೆ ವ್ಯರ್ಥವಾಗದು.

ಈ ಸುಖವನ್ನು ನೋಡುವಾಗ ಇದು ತಾನಾಗಿ ಬಂದದ್ದೆಂದು ಯಾರೂ ಭಾವಿಸಬಾರದು. ಬಾಸೆಲ್ ರಾಸಾಯನಿಕ ಕೈಗಾರಿಕೆಯ ಊರು. ಬಣ್ಣ, ಔಷಧಗಳಿಂದ ಹಣವಂತವಾದ ಊರು. 1980ರ ದಶಕದ ಮೊದಲ ವರ್ಷಗಳವರೆಗೆ ಮನೆಗಳ ಮತ್ತು ಕಾರ್ಖಾನೆಗಳ ಕೊಳೆನೀರು ಶುದ್ಧಿಯಿಲ್ಲದೆ ರೈನ್ ನದಿಯನ್ನು ಸೇರುತ್ತಿತ್ತು. 1986ರ ನವೆಂಬರ್ 1ರ ನಸುಕಿನಲ್ಲಿ ಊರಿನ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದಿತು. ಅಪಾಯಸೂಚನೆಯ ಸೈರನ್ನುಗಳು ಮೊಳಗಿದವು. ಕಿಟಕಿಗಳನ್ನು ಮುಚ್ಚಿ ಒಳಗೇ ಇರಿ ಎಂದು ಜನರಿಗೆ ಸಾರಲಾಯಿತು. ಬೆಂಕಿ ಆರಿಸಲು ಹೊಯ್ದ ನೀರು ಕೀಟನಾಶಕಗಳನ್ನೂ ಬಣ್ಣವನ್ನೂ ತೊಳೆದುಕೊಂಡು ನದಿಗೆ ಇಳಿಯಿತು. ರೈನ್ ಕೆಂಪಾಯಿತು. ನೂರಾರು ಕಿಲೋಮೀಟರು ದೂರದವರೆಗೆ ಮೀನುಗಳು ಸತ್ತು ತೇಲಿದವು. ನದಿಯ ಅಂಚಿನ ದೇಶಗಳೆಲ್ಲ ಬೆಚ್ಚಿದವು. ಮರುವರ್ಷವೇ ಅವು ಕೂಡಿ ರೈನ್ ನದಿಯ ಉದ್ಧಾರಕ್ಕೆ ಕಾರ್ಯಕ್ರಮವೊಂದನ್ನು ಹಾಕಿಕೊಂಡವು. ಸಮುದ್ರದಿಂದ ಸಾಲ್ಮನ್ ಮೀನು ಮತ್ತೆ ಈ ನದಿಯನ್ನೇರಿ ಬರಬೇಕೆಂಬುದು ಅವು ಇಟ್ಟುಕೊಂಡ ಗುರಿ. ಕಾರ್ಖಾನೆಗಳಿಗೆ ಕಟ್ಟುಪಾಡಾಯಿತು, ನೀರನ್ನು ದಿನದಿನವೂ ಪರೀಕ್ಷಿಸುವ ಏರ್ಪಾಡಾಯಿತು. ಒಂದು ಕಾಲಕ್ಕೆ ಮುಟ್ಟಲು ಹೆದರುತ್ತಿದ್ದ ನೀರಿನಲ್ಲಿ ಇಂದು ಮೊಮ್ಮಕ್ಕಳ ಜೊತೆ ಅಜ್ಜಿ ತೇಲುತ್ತಾಳೆ. ಮಲಿನವಾದ ನದಿ ಮಲಿನವಾಗಿಯೇ ಇರಬೇಕೆಂಬ ವಿಧಿನಿಯಮವಿಲ್ಲ. ನಮ್ಮ ನಾಡಿನ ಯಾವ ಯಾವ ನದಿಯ ಹೆಸರು ಈಗ ನಿಮ್ಮ ಮನಸ್ಸಿಗೆ ಬಂದಿತೋ ನಾನು ಹೇಳಬೇಕಾಗಿಲ್ಲ.

ಮೂರನೆಯ ದಿನ ಸ್ಪಾಲೆನ್ ಬಾಗಿಲಿಗೆ ಹೋಗಬೇಕು. ಭೂಕಂಪದ ಅನಂತರ ಕಟ್ಟಿದ ಕೋಟೆಯಲ್ಲಿ ಉಳಿದ ಬಾಗಿಲುಗಳಲ್ಲಿ ಇದೇ ಚೆಲುವಾದದ್ದು. ಅದನ್ನು ದಾಟಿದರೆ ಆರಂಭವಾಗುವ ಬೀದಿಯ ಹೆಸರೇ ಮಿಶನ್ ಬೀದಿ. ಅಲ್ಲಿ ತೋಟದ ನಡುವೆ ಬಾಸೆಲ್ ಮಿಶನ್ನಿನ ದೊಡ್ಡ ಮನೆಯಿದೆ, ಕಟ್ಟಡ 1860ರದು. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದ ಉದ್ದೇಶ ಮತಪ್ರಚಾರ; ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅವರ ಹಿಂದೆ ಬಂದ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದ ಮೊದಲ ಪತ್ರಿಕೆಯ ಸಂಪಾದಕನಾದ, ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚುಹಾಕಿಸಿದ. ಬಾಸೆಲಿನ ಮಿಶನ್ ಶಾಲೆಯಲ್ಲಿ ಕಲಿತು 1853ರಲ್ಲಿ ಬಂದ ಕಿಟ್ಟೆಲ್ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದ. 1894ರಲ್ಲಿ ಸುಮಾರು 70 ಸಾವಿರ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮ್ಮ ಕೈಗಿತ್ತ. ಶಬ್ದವೊಂದರ ಅರ್ಥ ಸಂದೇಹವಾದಾಗ ಕನ್ನಡ ಉಪಾಧ್ಯಾಯರ ಕೈ ಇಂದಿಗೂ ಮೊದಲು ಹೋಗುವುದು ಆ ನಿಘಂಟಿನ ಕಡೆಗೆ.

ಆ ಮನೆಯಲ್ಲಿ ಮಿಶನ್ನಿನ ಪತ್ರಾಗಾರವಿದೆ. ಮಂಗಳೂರು, ಹುಬ್ಬಳ್ಳಿ, ಧಾರವಾಡ, ಕೊಡಗುಗಳಿಂದ ಬಂದ ಕಾಗದಗಳು, ನಕ್ಷೆಗಳು, ಹಳೆಯ ಛಾಯಾಚಿತ್ರಗಳು ಅಲ್ಲಿ ಜೋಪಾನವಾಗಿವೆ. ನೋಡಬಯಸುವವರು ಮೊದಲೇ ಬರೆದು ತಿಳಿಸುವುದು ಲೇಸು. ದೇಶ ಸುತ್ತುವುದೂ ಕೋಶ ಓದುವುದೂ ಬೇರೆ ಬೇರೆ ಕೆಲಸಗಳೆಂದು ತಿಳಿದಿದ್ದೆವಲ್ಲ. ಅವೆರಡೂ ಒಂದೇ ಬೀದಿಯಲ್ಲಿ ಕೂಡುವ ಊರು ಇದು.

ಕಡೆಯಲ್ಲಿ ಕೆಲವು ಉಪಯುಕ್ತ ವಿಷಯಗಳು. ಸ್ವಿಟ್ಜರ್ಲೆಂಡ್ ದುಬಾರಿಯ ದೇಶ. ಆದರೆ ಬಾಸೆಲಿನ ಹೋಟೆಲಿನಲ್ಲಿ ತಂಗಿದವರಿಗೆ ಒಂದು ಚೀಟಿ ಕೊಡುತ್ತಾರೆ. ಅದನ್ನು ತೋರಿಸಿದರೆ ಊರಿನ ಟ್ರಾಮು ಬಸ್ಸುಗಳಿಗೆ ಹಣವಿಲ್ಲ, ವಸ್ತುಸಂಗ್ರಹಾಲಯಗಳಿಗೆ ಅರ್ಧ ದರ. ಸೋಮವಾರ ಬಹುಪಾಲು ಸಂಗ್ರಹಾಲಯಗಳಿಗೆ ರಜೆ. ಭಾನುವಾರ ಅಂಗಡಿಗಳಿಗೆ ರಜೆ. ಮನೆಗೆ ತರಬಹುದಾದ ತಿನಿಸು ಲೆಕರ್ಲಿ: ಜೇನು, ಬಾದಾಮಿ, ಮಸಾಲೆ ಸೇರಿದ ಗಟ್ಟಿಯಾದ ಬಿಸ್ಕತ್ತು. ಹಳೆಯ ಕ್ರಮದಲ್ಲಿ ಅದಕ್ಕೆ ಚೆರಿ ಹಣ್ಣಿನ ಮದ್ಯವನ್ನೂ ಸೇರಿಸುತ್ತಾರಾಗಿ ಬೇಡವೆನ್ನುವವರು ಕೇಳಿಕೊಂಡು ಕೊಳ್ಳಲಿ. ಜುಲೈ 31ರ ಸಂಜೆ ಅಲ್ಲಿದ್ದರೆ ಸ್ವಿಸ್ ರಾಷ್ಟ್ರೀಯ ದಿನದ ಮುನ್ನಾರಾತ್ರಿಯ ಬಾಣಬಿರುಸುಗಳನ್ನು ನದಿಯ ದಂಡೆಯಿಂದಲೇ ನೋಡಬಹುದು.

ಬಾಸೆಲಿನಲ್ಲಿ ಜಗತ್ತಿನ ಅತಿ ಎತ್ತರದ ಗೋಪುರವಿಲ್ಲ. ಅತಿ ದೊಡ್ಡ ಅರಮನೆಯಿಲ್ಲ. ಅಲ್ಲಿ ನೋಡಬೇಕಾದವೆಲ್ಲ ಎಲ್ಲರಿಗೂ ಸೇರಿದವು: ಎಲ್ಲರೂ ಕುಡಿಯುವ ಕಾರಂಜಿ, ಎಲ್ಲರನ್ನೂ ದಾಟಿಸುವ ದೋಣಿ, ಎಲ್ಲರೂ ಮತ ಕೊಟ್ಟು ಉಳಿಸಿಕೊಂಡ ಚಿತ್ರ, ಎಲ್ಲರೂ ಕೂಡಿ ತೊಳೆದುಕೊಂಡ ನದಿ. ಯಾವ ಊರಿಗೆ ಹೋದರೂ ‘ಇಲ್ಲಿ ನೋಡತಕ್ಕದ್ದೇನು?’ ಎಂದು ಕೇಳುವುದು ವಾಡಿಕೆ. ಅದರ ಜೊತೆಗೆ ‘ಇಲ್ಲಿ ಎಲ್ಲರಿಗೂ ಸೇರಿದ್ದೇನು, ಅದನ್ನು ಇವರು ಹೇಗೆ ಇಟ್ಟುಕೊಂಡಿದ್ದಾರೆ?’ ಎಂದೂ ಕೇಳಿ ನೋಡಿ. ಆ ಎರಡನೆಯ ಪ್ರಶ್ನೆಯನ್ನು ಕೇಳಲು ಕಲಿತವರು ಊರಿಗೆ ಮರಳಿದ ಮೇಲೂ ಅದನ್ನು ಕೇಳುತ್ತಾರೆ.